ಸಿಪ್‌ಗೆ ಹೊಸ ವಿಸ್ತರಣೆ ಬರೆಯುವುದು ಹೇಗೆ: ತೊಡಕಿನ ಟಿಪ್ಪಣಿಯಿಂದ ಆರ್‌ಎಫ್‌ಸಿ ಸಂಖ್ಯೆಯವರೆಗೆ

ಇಂಟರ್ನೆಟ್ ಮೇಲೆ ಧ್ವನಿ ಕರೆ, ವಿಡಿಯೊ ಕರೆಗಳನ್ನು ಕೂಡಿಸುವ, ನಡುವೆ ಬದಲಿಸುವ, ಮುಗಿಸುವ ಕೆಲಸವನ್ನು ಬಹುತೇಕ ಕಡೆ ಸಿಪ್, ಅಂದರೆ ಸೆಶನ್ ಇನಿಶಿಯೇಶನ್ ಪ್ರೋಟೊಕಾಲ್, ಮಾಡುತ್ತದೆ. 1999ರ ಮಾರ್ಚ್‌ನಲ್ಲಿ ಅದು ಆರ್‌ಎಫ್‌ಸಿ 2543 ಆಗಿ ಬಂತು. ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ ಮಾನದಂಡಗಳು ಪ್ರಕಟವಾಗುವ, ಸಂಖ್ಯೆ ಹೊತ್ತ ದಾಖಲೆ. 2002ರ ಜೂನ್‌ನಲ್ಲಿ ಪೂರ್ತಿ ಹೊಸದಾಗಿ ಬರೆದ ಆರ್‌ಎಫ್‌ಸಿ 3261 ಅದರ ಜಾಗಕ್ಕೆ ಬಂತು. ಆಮೇಲೆ ಬಂದ ಹೆಡರ್‌ಗಳು, ಮೆಥಡ್‌ಗಳು, ಎಸ್‌ಡಿಪಿ (ಕರೆಯ ಮಾಧ್ಯಮದ ವಿವರಣೆ) ಸಾಲುಗಳೆಲ್ಲ ಈ ಬುನಾದಿಯ ಮೇಲೆ ಕೂತ ವಿಸ್ತರಣೆಗಳು. ಅಂಥದೊಂದು ವಿಸ್ತರಣೆಯನ್ನು ಬರೆದು, ಪರೀಕ್ಷಿಸಿ, ಇಂಟರ್ನೆಟ್ ಮಾನದಂಡ ರೂಪಿಸುವ ಐಇಟಿಎಫ್‌ನಲ್ಲಿ ದಾಟಿಸಬೇಕಾದ ಎಂಜಿನಿಯರ್‌ಗಾಗಿ ಈ ಮಾರ್ಗದರ್ಶಿ. ಸಿಪ್ ಸಂದೇಶ ಓದಲು ಬರುತ್ತದೆ ಎಂದು ಭಾವಿಸಿ ಬರೆಯಲಾಗಿದೆ.

ಕೆಲಸದುದ್ದಕ್ಕೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ನಿಮ್ಮ ವಿಸ್ತರಣೆಯ ಹೆಸರನ್ನೇ ಕೇಳದ ಸಾಧನಕ್ಕೆ ಈ ಸಂದೇಶ ತಲುಪಿದರೆ ಏನಾಗುತ್ತದೆ? ಹೊಸ ಸಾಧನಗಳು ತಮ್ಮೊಳಗೆ ಮಾತಾಡುವ ಬಗೆಯನ್ನು ಯಾರು ಬೇಕಾದರೂ ಬರೆದಾರು. ಜಾಲದಲ್ಲಿ ಹತ್ತಾರು ವರ್ಷದಿಂದ ಕೂತಿರುವ ಫೋನು, ಪ್ರಾಕ್ಸಿ (ದಾರಿಯಲ್ಲಿ ಸಂದೇಶ ದಾಟಿಸುವ ಸರ್ವರ್), ಗೇಟ್‌ವೇಗಳ ಜೊತೆ ಅವು ಹೇಗೆ ಬಾಳುತ್ತವೆ ಎಂಬುದನ್ನು ಬರೆಯುವುದೇ ಕಷ್ಟ.

ಉದಾಹರಣೆಗೆ ಒಂದು ಕಲ್ಪಿತ ಅಗತ್ಯವನ್ನು ಇಟ್ಟುಕೊಳ್ಳೋಣ. ಕರೆ ನಡೆಯುತ್ತಿದೆ, ಒಬ್ಬರ ಸಾಧನದ ಬ್ಯಾಟರಿ ಮುಗಿಯುತ್ತಾ ಬಂದಿದೆ. ಎದುರಿನ ಸಾಧನಕ್ಕೆ ಅದು ಮುಂಚೆಯೇ ತಿಳಿಯಬೇಕು. ಇಲ್ಲದಿದ್ದರೆ ಕರೆ ಕಡಿದದ್ದು ಜಾಲದ ತೊಂದರೆಯಿಂದ ಎಂದುಕೊಂಡು ಅದು ಸುಮ್ಮನೆ ಮರುಕರೆ ಮಾಡುತ್ತಿರುತ್ತದೆ.

ಹಂತ 1: ತೊಡಕನ್ನು ಪರಿಹಾರವಿಲ್ಲದೆ ಬರೆಯಿರಿ

ಮೊದಲ ಎರಡು ಪುಟಗಳಲ್ಲಿ ಹೆಡರ್‌ನ ಹೆಸರು ಸುಳಿಯಬಾರದು. ಯಾರಿಗೆ ಏನು ತಿಳಿಯಬೇಕು, ಯಾವಾಗ ತಿಳಿಯಬೇಕು, ತಿಳಿಯದಿದ್ದರೆ ಏನು ಕೆಡುತ್ತದೆ, ಈಗಿನ ಸಲಕರಣೆಗಳಿಂದ ಅದು ಏಕೆ ಆಗುವುದಿಲ್ಲ ಎಂಬಷ್ಟೇ ಇರಲಿ. ಕರೆ ಮಾಡುವವರ ಗುರುತನ್ನು ಸಹಿಯಿಂದ ದೃಢಪಡಿಸುವ ಸ್ಟಿರ್ ಗುಂಪು ಹೀಗೇ ನಡೆಯಿತು. 2014ರಲ್ಲಿ ತೊಡಕಿನ ಹೇಳಿಕೆಯನ್ನು ಆರ್‌ಎಫ್‌ಸಿ 7340 ಆಗಿ ಹೊರತಂದಿತು, ಪರಿಹಾರವಾದ ಆರ್‌ಎಫ್‌ಸಿ 8224 ಬಂದದ್ದು 2018ರಲ್ಲಿ.

ಬರೆದಾದ ಮೇಲೆ ಮೂರು ಜರಡಿ ಹಿಡಿಯಿರಿ. ಒಂದು, ಇದು ನಿಜಕ್ಕೂ ಸಿಗ್ನಲಿಂಗ್ ವಿಷಯವೇ? ಮಾಧ್ಯಮದ ಜೊತೆಗೇ ಹೋಗಬೇಕಾದದ್ದನ್ನು ಸಿಪ್‌ನಲ್ಲಿ ತುರುಕಬಾರದು. ಕೀಪ್ಯಾಡ್ ಒತ್ತಿದ ಸದ್ದುಗಳು ಧ್ವನಿ ಸಾಗಿಸುವ ಆರ್‌ಟಿಪಿಯೊಳಗೆ ಆರ್‌ಎಫ್‌ಸಿ 4733ರ ಪ್ರಕಾರ ಹೋಗುವುದು ಅದಕ್ಕೇ: ಧ್ವನಿಯೊಡನೆ ಸಮಯ ಹೊಂದಬೇಕು. ಎರಡು, ಸಿಪ್ ದೊಡ್ಡ ಕಡತ ಸಾಗಿಸಲು ಅಥವಾ ದೂರದ ಯಂತ್ರದ ಮೇಲೆ ಆಜ್ಞೆ ನಡೆಸಲು ಹುಟ್ಟಿದ್ದಲ್ಲ. ಆರ್‌ಎಫ್‌ಸಿ 4485 ಎಂಬ ವಿಸ್ತರಣಾ ಲೇಖಕರ ಕೈಪಿಡಿ ಇದನ್ನು ನೇರವಾಗಿ ಹೇಳುತ್ತದೆ, ಅದನ್ನು ಓದದೆ ಮುಂದೆ ಹೋಗಬೇಡಿ. ಮೂರು, ಈಗಾಗಲೇ ಇದೆಯೇ? ಇಂಟರ್ನೆಟ್‌ನ ಹೆಸರು, ಸಂಖ್ಯೆಗಳ ಲೆಕ್ಕ ಇಡುವ ಐಯಾನಾದ ಸಿಪ್ ನೋಂದಣಿ ಪಟ್ಟಿಗಳನ್ನು ಮೇಲಿಂದ ಕೆಳಗೆ ಓದಿ. ‘ಹೊಸ’ ವಿಚಾರಗಳಲ್ಲಿ ಹಲವು ಅಲ್ಲೇ, ಬೇರೆ ಹೆಸರಿನಲ್ಲಿ, ಸಿಗುತ್ತವೆ.

ಹಂತ 2: ಬಾಗಿಲು ಯಾವುದೆಂದು ತಿಳಿದುಕೊಳ್ಳಿ

ಸಿಪ್‌ನ ತಿರುಳನ್ನೇ ಮುಟ್ಟುವ ಬದಲಾವಣೆಗೆ ಐಇಟಿಎಫ್‌ನ ಸಿಪ್‌ಕೋರ್ ಗುಂಪು. ಹೊಸ ಬಳಕೆಯಾದರೆ ಮೊದಲು ಡಿಸ್ಪ್ಯಾಚ್ ಗುಂಪು. ಅಲ್ಲಿ ಪರಿಹಾರ ತಯಾರಾಗುವುದಿಲ್ಲ, ಕೆಲಸ ಯಾವ ಗುಂಪಿಗೆ ಹೋಗಬೇಕು ಎಂಬ ತೀರ್ಮಾನ ಮಾತ್ರ ಆಗುತ್ತದೆ. ಈ ಏರ್ಪಾಡು 2010ರ ಆರ್‌ಎಫ್‌ಸಿ 5727ರಲ್ಲಿದೆ. ಮೊಬೈಲ್ ಜಾಲದ ಕರೆ ವ್ಯವಸ್ಥೆಯಾದ ಐಎಂಎಸ್‌ಗೆ ಮಾತ್ರ ಬೇಕಾದದ್ದು ಮೊಬೈಲ್ ಮಾನದಂಡ ಸಂಸ್ಥೆ 3ಜಿಪಿಪಿಯ ಕೆಲಸ, ಅಲ್ಲಿನ ಟಿಎಸ್ 24.229 ದಾಖಲೆಯೇ ಸಿಪ್ ಬಳಕೆಯ ನಿಯಮಗ್ರಂಥ. ಬ್ರೌಸರ್‌ನ ಎಪಿಐ ಆದರೆ ಡಬ್ಲ್ಯು3ಸಿ, ಎಚ್.323 ಕುಟುಂಬವಾದರೆ ಐಟಿಯು-ಟಿ. ಗುಂಪುಗಳು ಮುಚ್ಚುತ್ತವೆ, ಹೊಸವು ತೆರೆಯುತ್ತವೆ. ಆದ್ದರಿಂದ ಐಇಟಿಎಫ್‌ನ ಡೇಟಾಟ್ರ್ಯಾಕರ್ ತಾಣದಲ್ಲಿ ಗುಂಪಿನ ಇಂದಿನ ಚಾರ್ಟರ್ (ಕೆಲಸದ ವ್ಯಾಪ್ತಿ) ಓದಿಯೇ ಹೆಜ್ಜೆ ಇಡಿ.

ನಿಮ್ಮ ಸಂಸ್ಥೆಗೆ ಈ ವಿಷಯದಲ್ಲಿ ಪೇಟೆಂಟ್ ಇದ್ದರೆ, ಅಥವಾ ಅರ್ಜಿ ಹಾಕಿದ್ದರೆ, ಅದನ್ನು ಪ್ರಕಟಿಸಬೇಕಾದ ಸಮಯ ಈಗಲೇ. ಆರ್‌ಎಫ್‌ಸಿ 8179ರ ನಿಯಮ ಸ್ಪಷ್ಟ: ನಿಮಗೆ ತಿಳಿದಿದ್ದರೆ ಸಾಧ್ಯವಾದಷ್ಟು ಬೇಗ ಹೇಳಬೇಕು. ಕೊನೆಯ ಹಂತದಲ್ಲಿ ಹೊರಬಿದ್ದ ಪೇಟೆಂಟ್, ಒಪ್ಪಿಗೆಯಾಗಿದ್ದ ದಾಖಲೆಯನ್ನು ಮತ್ತೆ ಗುಂಪಿನ ಅಂಗಳಕ್ಕೆ ತಂದು ನಿಲ್ಲಿಸುತ್ತದೆ.

ಹಂತ 3: ಸರಿಯಾದ ಕೊಂಡಿ ಆರಿಸಿ

ಇಡೀ ಕೆಲಸದ ಹಣೆಬರಹ ಬರೆಯುವ ಹಂತ ಇದು. ಸಿಪ್‌ನಲ್ಲಿ ಹೊಸದನ್ನು ಸಿಕ್ಕಿಸಲು ಹಲವು ಕೊಂಡಿಗಳಿವೆ. ಗೊತ್ತಿಲ್ಲದ ಸಾಧನ ಪ್ರತಿಯೊಂದಕ್ಕೂ ಬೇರೆ ಬೇರೆ ರೀತಿ ವರ್ತಿಸುತ್ತದೆ.

ಹೊಸ ಹೆಡರ್ ಮಾತ್ರ ಸೇರಿಸಿದರೆ, ಅದು ಗೊತ್ತಿಲ್ಲದ ಫೋನು ಸುಮ್ಮನೆ ಕಡೆಗಣಿಸುತ್ತದೆ, ಪ್ರಾಕ್ಸಿ ಹಾಗೇ ಮುಂದೆ ಕಳಿಸುತ್ತದೆ. ಕಡೆಗಣಿಸಿದರೂ ಕರೆಗೆ ಕೇಡಿಲ್ಲ ಎಂದಾದರೆ ಇದೇ ಒಳ್ಳೆಯದು. ಆದರೆ ಎದುರಿನವರು ಓದಿದರೋ ಇಲ್ಲವೋ ಕಳಿಸಿದವರಿಗೆ ತಿಳಿಯುವುದಿಲ್ಲ.

ಆಪ್ಶನ್ ಟ್ಯಾಗ್ (ವಿಸ್ತರಣೆಯ ಗುರುತುಹೆಸರು) ಒಂದನ್ನು ಹುಟ್ಟುಹಾಕಿ ರಿಕ್ವೈರ್ ಹೆಡರ್‌ನಲ್ಲಿ ಹಾಕಿದರೆ, ಅರ್ಥವಾಗದ ಸಾಧನ 420 ಉತ್ತರ ಕೊಟ್ಟು ಕರೆಯನ್ನೇ ತಿರಸ್ಕರಿಸುತ್ತದೆ. ಟ್ಯಾಗ್ ತೆಗೆದು ಮತ್ತೆ ಪ್ರಯತ್ನಿಸಬೇಕು, ಕರೆ ಹೊಂದುವುದು ಅಷ್ಟು ತಡವಾಗುತ್ತದೆ. ಸಪೋರ್ಟೆಡ್ ಹೆಡರ್‌ನಲ್ಲಿ ಟ್ಯಾಗ್ ಹಾಕಿ ‘ನನಗೆ ಬರುತ್ತದೆ, ನಿನಗೆ ಬಂದರೆ ಬಳಸು’ ಎನ್ನುವುದು ಮೃದುವಾದ ದಾರಿ. ಆರ್‌ಎಫ್‌ಸಿ 3262ರ 100ರೆಲ್ ಟ್ಯಾಗ್ ಈ ಎರಡೂ ರೀತಿಯಲ್ಲಿ ನಡೆಯುತ್ತದೆ, ಮಾದರಿಯಾಗಿ ಓದಲು ಚೆನ್ನ. ಆಪ್ಶನ್ ಟ್ಯಾಗ್‌ಗೆ ಸ್ಟ್ಯಾಂಡರ್ಡ್ಸ್ ಟ್ರ್ಯಾಕ್ ಆರ್‌ಎಫ್‌ಸಿಯೇ ಬೇಕು ಎಂಬುದು ನೆನಪಿರಲಿ. ಇನ್ನು ಪ್ರಾಕ್ಸಿ-ರಿಕ್ವೈರ್ ಸಹವಾಸ ಬೇಡ. ದಾರಿಯಲ್ಲಿರುವ ಪ್ರತಿ ಪ್ರಾಕ್ಸಿಗೂ ನಿಮ್ಮ ವಿಸ್ತರಣೆ ಗೊತ್ತಿರಬೇಕು ಎಂದು ಅದು ಹಟ ಹಿಡಿಯುತ್ತದೆ. ನಿಮ್ಮದೇ ಆಡಳಿತದ ಜಾಲ ಬಿಟ್ಟು ಹೊರಬಿದ್ದ ಕೂಡಲೇ ಕರೆ ಸತ್ತಂತೆ.

ಹೊಸ ಮೆಥಡ್ ಆದರೆ ಪ್ರಾಕ್ಸಿಗಳು ಅದನ್ನು ಇನ್ವೈಟ್ ಅಲ್ಲದ ಸಾಮಾನ್ಯ ವಿನಂತಿಯಂತೆ ದಾಟಿಸುತ್ತವೆ. ಅಂಥ ವಿನಂತಿಗೆ ಯುಡಿಪಿಯಲ್ಲಿ ಸಿಗುವ ಆಯುಸ್ಸು 64 ಗುಣಿಸು ಟಿ1 (ಸಂದೇಶ ಹೋಗಿ ಉತ್ತರ ಬರುವ ಅಂದಾಜು ಹೊತ್ತು), ಅಂದರೆ ಟಿ1 500 ಮಿಲಿಸೆಕೆಂಡ್ ಇದ್ದಾಗ 32 ಸೆಕೆಂಡ್. ಆದ್ದರಿಂದ ಮನುಷ್ಯ ಗುಂಡಿ ಒತ್ತುವವರೆಗೆ ಕಾಯುವ ಯಾವುದನ್ನೂ ಹೊಸ ಮೆಥಡ್‌ನ ಉತ್ತರಕ್ಕೆ ಕಟ್ಟಬೇಡಿ. 2006ರ ಆರ್‌ಎಫ್‌ಸಿ 4320 ಈ ಬಗೆಯ ವಿನಂತಿಗಳ ತಡವಾದ ಉತ್ತರಗಳು ಎಬ್ಬಿಸಿದ ರಾದ್ಧಾಂತ ತಿದ್ದಲೆಂದೇ ಬಂದದ್ದು.

ಹೊಸ ಉತ್ತರ ಸಂಖ್ಯೆಯಲ್ಲಿ ಎರಡು ಬಲೆಗಳಿವೆ. ಗೊತ್ತಿಲ್ಲದ 4ರ ಸಾಲಿನ ಸಂಖ್ಯೆಯನ್ನು ಫೋನು 400 ಎಂದೇ ತಿಳಿಯುತ್ತದೆ, ಗೊತ್ತಿಲ್ಲದ 1ರ ಸಾಲಿನದನ್ನು 183 ಎಂದು. ನಿಮ್ಮ ಸಂಖ್ಯೆಯನ್ನು ಹಾಗೆ ಓದಿದರೂ ನಡೆ ತಪ್ಪಬಾರದು. ಎರಡನೆಯ ಬಲೆ ಫೋರ್ಕಿಂಗ್. ಒಂದು ಕರೆ ಮೂರು ಫೋನಿಗೆ ಕವಲೊಡೆದಾಗ, ಒಂದು ಫೋನು ಕೊಟ್ಟ ದೋಷದ ಉತ್ತರವನ್ನು ಪ್ರಾಕ್ಸಿ ಕೈಯಲ್ಲೇ ಹಿಡಿದುಕೊಂಡು ಉಳಿದವುಗಳಿಗೆ ಕಾಯುತ್ತದೆ. ಕೊನೆಗೆ ಒಂದನ್ನು ಆರಿಸಿ ಹಿಂದಕ್ಕೆ ಕಳಿಸುತ್ತದೆ. ‘ಈ ಉತ್ತರ ಬಂದರೆ ತಿದ್ದಿಕೊಂಡು ಮತ್ತೆ ಕರೆ ಮಾಡು’ ಎಂದು ನೀವು ಬರೆದ ಉತ್ತರ ಕರೆ ಮಾಡಿದವರಿಗೆ ಬರದೇ ಹೋಗಬಹುದು. ಸಿಪ್ ವಲಯದಲ್ಲಿ ಇದಕ್ಕೆ ಹರ್ಫ್ಪ್ ಎಂಬ ಅಡ್ಡಹೆಸರೇ ಇದೆ. ಇಂದಿಗೂ ಪೂರ್ತಿ ಬಗೆಹರಿಯದ ಗಂಟು ಅದು.

ಸಂದೇಶದ ಒಡಲಿನಲ್ಲಿ ಹೊಸ ಬಗೆಯ ಭಾಗ ಸೇರಿಸುವವರು ಎಡವುವುದು ಕಂಟೆಂಟ್-ಡಿಸ್ಪೊಸಿಶನ್‌ನಲ್ಲಿ. ಅದರ ಹ್ಯಾಂಡ್ಲಿಂಗ್ ಪ್ಯಾರಾಮೀಟರ್ ಬರೆಯದೇ ಬಿಟ್ಟರೆ ‘ಕಡ್ಡಾಯ’ ಎಂದೇ ಅರ್ಥ, ಅರಿಯದ ಸಾಧನ 415 ಕೊಟ್ಟು ಕೈತೊಳೆದುಕೊಳ್ಳುತ್ತದೆ. ಐಚ್ಛಿಕ ಎಂಬುದನ್ನು ನೀವೇ ಬರೆಯಬೇಕು.

ನಮ್ಮ ಬ್ಯಾಟರಿ ಉದಾಹರಣೆಗೆ ಬರೋಣ. ಸುದ್ದಿ ಕರೆಯ ನಡುವೆ ಹೋಗಬೇಕು, ಕರೆಯ ಸ್ಥಿತಿ ಬದಲಾಗಬಾರದು, ಎದುರಿನವರಿಗೆ ಅರ್ಥವಾಗುತ್ತದೆ ಎಂದು ಮೊದಲೇ ತಿಳಿದಿರಬೇಕು. ಇದಕ್ಕೆ ಇನ್ಫೊ ಪ್ಯಾಕೇಜ್ ಹೊಂದುತ್ತದೆ. ಇದರ ಹಿಂದಿನ ಕತೆ ತಿಳಿಯುವುದು ಒಳ್ಳೆಯದು. 2000ದ ಆರ್‌ಎಫ್‌ಸಿ 2976 ಇನ್ಫೊ ಎಂಬ ಮೆಥಡ್ ಕೊಟ್ಟಿತು, ಒಳಗೆ ಏನಿದೆ, ಎದುರಿನವರು ಏನನ್ನು ಒಪ್ಪುತ್ತಾರೆ ಎಂದು ಹೇಳುವ ಬಗೆ ಕೊಡಲಿಲ್ಲ. ಪ್ರತಿ ತಯಾರಕರೂ ತಮಗೆ ಬೇಕಾದ್ದನ್ನು ತುಂಬಿದರು, ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗಲಿಲ್ಲ. 2011ರ ಆರ್‌ಎಫ್‌ಸಿ 6086 ಅದನ್ನು ತಿದ್ದಿತು: ರಿಸೀವ್-ಇನ್ಫೊ (Recv-Info) ಹೆಡರ್‌ನಲ್ಲಿ ತಾನು ಒಪ್ಪುವ ಪ್ಯಾಕೇಜ್‌ಗಳ ಪಟ್ಟಿ ಕೊಡಬೇಕು, ಪಟ್ಟಿಯಲ್ಲಿಲ್ಲದ್ದನ್ನು ಎದುರಿನವರು ಕಳಿಸಬಾರದು, ಕಳಿಸಿದರೆ 469. ಹೀಗಾಗಿ ‘ಗೊತ್ತಿಲ್ಲದ ಸಾಧನ ಏನು ಮಾಡುತ್ತದೆ’ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಾಗಿಯೇ ಸಿಗುತ್ತದೆ: ಅದಕ್ಕೆ ಸುದ್ದಿ ಹೋಗುವುದೇ ಇಲ್ಲ.

ಹಂತ 4: ಡ್ರಾಫ್ಟ್ ಕಟ್ಟಿ

ಇಂಟರ್ನೆಟ್ ಡ್ರಾಫ್ಟ್‌ನ ಹೆಸರು ಡ್ರಾಫ್ಟ್, ಲೇಖಕರ ಉಪನಾಮ, ಗುಂಪಿನ ಹೆಸರು, ವಿಷಯ, ಕೊನೆಗೆ 00 ಎಂಬ ಆವೃತ್ತಿ ಹೀಗೆ ಅಡ್ಡಗೆರೆಗಳಿಂದ ಕೂಡಿರುತ್ತದೆ. ಆರು ತಿಂಗಳಿಗೆ ಅದರ ಅವಧಿ ತೀರುತ್ತದೆ, ಜೀವಂತ ಇಡಲು ಹೊಸ ಆವೃತ್ತಿ ಸಲ್ಲಿಸಬೇಕು. ಬರೆಯಲು ಆರ್‌ಎಫ್‌ಸಿಎಕ್ಸ್‌ಎಂಎಲ್, ಅಥವಾ ಮಾರ್ಕ್‌ಡೌನ್ ರೂಢಿಯಿದ್ದರೆ ಕ್ರಾಮ್‌ಡೌನ್-ಆರ್‌ಎಫ್‌ಸಿ ಬಳಸಿ. ಮುಖಪುಟದಲ್ಲಿ ಐದಕ್ಕಿಂತ ಹೆಚ್ಚು ಲೇಖಕರಿದ್ದರೆ ಕಾರಣ ಕೇಳುತ್ತಾರೆ. ಆರ್‌ಎಫ್‌ಸಿ 3261ರ ಮೇಲೆ ಎಂಟು ಹೆಸರಿವೆಯಲ್ಲ ಎಂದು ವಾದಿಸಿ ಫಲವಿಲ್ಲ.

ಒಳಗಿನ ಕ್ರಮ ಹೀಗಿದ್ದರೆ ಓದುವವರಿಗೆ ಸುಲಭ: ಸಾರಾಂಶ, ತೊಡಕು, ಒಟ್ಟು ನಡೆಯ ಚಿತ್ರಣ, ಕರೆ ಮಾಡುವ ಬದಿಯ ನಿಯಮ, ಉತ್ತರಿಸುವ ಬದಿಯ ನಿಯಮ, ಪ್ರಾಕ್ಸಿಯ ನಿಯಮ, ವ್ಯಾಕರಣ, ಉದಾಹರಣೆ, ಸುರಕ್ಷತೆ, ಐಯಾನಾ. ಪ್ರಾಕ್ಸಿ ಏನೂ ಮಾಡಬೇಕಿಲ್ಲವಾದರೆ ‘ಪ್ರಾಕ್ಸಿಗೆ ವಿಶೇಷ ನಡೆ ಇಲ್ಲ’ ಎಂದು ಬರೆಯಿರಿ. ಬರೆಯದೇ ಬಿಟ್ಟ ಜಾಗದಲ್ಲಿ ಅನುಷ್ಠಾನಕಾರರು ತಮ್ಮ ಊಹೆ ತುಂಬುತ್ತಾರೆ.

ಇನ್ಫೊ ಪ್ಯಾಕೇಜ್ ಆದ್ದರಿಂದ ಆರ್‌ಎಫ್‌ಸಿ 6086ರ 10ನೇ ವಿಭಾಗ ಇನ್ನಷ್ಟು ಕೇಳುತ್ತದೆ: ಇನ್ಫೊ ಏಕೆ, ಬೇರೆ ದಾರಿ ಏಕೆ ಅಲ್ಲ, ಪ್ಯಾಕೇಜ್ ಹೆಸರು, ಪ್ಯಾರಾಮೀಟರ್‌ಗಳು, ಒಡಲಿನ ಬಗೆ, ಎಷ್ಟು ಸಲ ಕಳಿಸಬಹುದು. ಕೊನೆಯದನ್ನು ಹಲವರು ತೇಲಿಸಿಬಿಡುತ್ತಾರೆ. ನಮ್ಮ ಡ್ರಾಫ್ಟ್‌ನಲ್ಲಿ ‘ಎರಡು ಸುದ್ದಿಗಳ ನಡುವೆ ಕನಿಷ್ಠ 30 ಸೆಕೆಂಡ್, ಒಂದು ಕರೆಯಲ್ಲಿ ಒಬ್ಬರಿಂದ ಗರಿಷ್ಠ 3’ ಎಂದು ಸಂಖ್ಯೆಯಲ್ಲೇ ಬರೆಯಬೇಕು. ‘ಅತಿಯಾಗಿ ಕಳಿಸಬಾರದು’ ಎಂಬ ಸಾಲಿನಿಂದ ಯಾರೂ ಕೋಡ್ ಬರೆಯಲಾರರು.

ಮಸ್ಟ್, ಶುಡ್, ಮೇ ಪದಗಳಿಗೆ ಆರ್‌ಎಫ್‌ಸಿ 2119 ಮತ್ತು 8174 ಕೊಟ್ಟ ಅರ್ಥ ಮಾತ್ರ. ದೊಡ್ಡ ಅಕ್ಷರದಲ್ಲಿದ್ದಾಗಲೇ ಅವು ನಿಯಮ. ಶುಡ್ ಎಂದು ಬರೆದ ಕಡೆಯೆಲ್ಲ ‘ಯಾವಾಗ ಪಾಲಿಸದಿರಬಹುದು’ ಎಂಬ ಸಾಲು ಪಕ್ಕದಲ್ಲೇ ಇರಬೇಕು. ಅದನ್ನು ಬರೆಯಲಾಗದಿದ್ದರೆ ನಿಮಗೆ ಬೇಕಿದ್ದದ್ದು ಮಸ್ಟ್. ಇನ್ನೊಂದು ಪರೀಕ್ಷೆ: ಪ್ರತಿ ಮಸ್ಟ್‌ಗೆ ಕರ್ತೃ ಯಾರು? ‘ಹೆಡರ್ ಸೇರಿಸಲ್ಪಡಬೇಕು’ ಎಂದರೆ ಯಾರು ಸೇರಿಸಬೇಕು? ಕರ್ಮಣಿ ವಾಕ್ಯಗಳನ್ನು ಹುಡುಕಿ ಹುಡುಕಿ ಕೊಲ್ಲಿ.

ಹಂತ 5: ವ್ಯಾಕರಣ

ಹೆಡರ್‌ನ ರೂಪವನ್ನು ಎಬಿಎನ್‌ಎಫ್ ಎಂಬ ವ್ಯಾಕರಣ ಸಂಕೇತದಲ್ಲಿ ಬರೆಯಬೇಕು, ಆರ್‌ಎಫ್‌ಸಿ 5234 ಅದರ ನಿಯಮ. ಖಾಲಿ ಜಾಗ, ಕೋಲನ್, ಅಲ್ಪವಿರಾಮಗಳಿಗೆ ಹೊಸ ನಿಯಮ ಕಟ್ಟಬೇಡಿ, ಆರ್‌ಎಫ್‌ಸಿ 3261ರ 25ನೇ ವಿಭಾಗದಲ್ಲಿ ಇರುವುದನ್ನೇ ಎತ್ತಿಕೊಳ್ಳಿ. ಎಬಿಎನ್‌ಎಫ್‌ನಲ್ಲಿ ಉದ್ಧರಣ ಚಿಹ್ನೆಯೊಳಗಿನ ಪದಕ್ಕೆ ದೊಡ್ಡಕ್ಷರ ಸಣ್ಣಕ್ಷರ ಭೇದವಿಲ್ಲ, ಭೇದ ಬೇಕಾದರೆ ಆರ್‌ಎಫ್‌ಸಿ 7405ರ ಗುರುತು ಬಳಸಬೇಕು. ಪ್ರತಿ ಹೆಡರ್‌ನ ತುದಿಯಲ್ಲಿ ಜೆನೆರಿಕ್-ಪ್ಯಾರಾಮ್‌ಗೆ ಜಾಗ ಬಿಡಿ. ನಾಳೆ ಯಾರೋ ಒಂದು ಪ್ಯಾರಾಮೀಟರ್ ಸೇರಿಸುತ್ತಾರೆ, ಆಗ ಇಂದಿನ ಪಾರ್ಸರ್ ಸಂದೇಶವನ್ನೇ ಎಸೆಯಬಾರದು.

ವಿಳಾಸ ಹೊತ್ತ ಹೆಡರ್ ಆದರೆ ಒಂದು ಹಳೆಯ ಗುಂಡಿ ಕಾದಿದೆ. ಕೋನಾವರಣವಿಲ್ಲದೆ ಬರೆದ ಸಿಪ್ ವಿಳಾಸದ ಹಿಂದೆ ಅರ್ಧವಿರಾಮ ಬಂದರೆ, ಅದರ ಮುಂದಿನ ಪ್ಯಾರಾಮೀಟರ್ ವಿಳಾಸದ್ದೋ ಹೆಡರ್‌ನದೋ? ವಿಳಾಸದಲ್ಲಿ ಅಲ್ಪವಿರಾಮ, ಪ್ರಶ್ನಾರ್ಥಕ, ಅರ್ಧವಿರಾಮ ಇದ್ದರೆ ಕೋನಾವರಣ ಕಡ್ಡಾಯ ಎಂಬ ನಿಯಮ 3261ರಲ್ಲಿ ಇತ್ತು. ಆದರೆ ಮುಂದೆ ಬಂದ ವಿಸ್ತರಣೆಗಳ ಹೆಡರ್‌ಗಳಿಗೂ ಅದು ಅನ್ವಯವೇ ಎಂಬುದು ಸ್ಪಷ್ಟವಿರಲಿಲ್ಲ. ಅದನ್ನು ಬಿಡಿಸಿ ಹೇಳಲು 2017ರಲ್ಲಿ ಆರ್‌ಎಫ್‌ಸಿ 8217 ಬೇಕಾಯಿತು. ಹೊಸ ಹೆಡರ್‌ನಲ್ಲಿ ಕೋನಾವರಣ ಇರುವ ರೂಪವನ್ನಷ್ಟೇ ಒಪ್ಪಿದರೆ ಈ ತಲೆನೋವೇ ಇಲ್ಲ.

ಹೆಸರಿನ ಮುಂದೆ ಎಕ್ಸ್ ಅಕ್ಷರ ಅಂಟಿಸುವ ರೂಢಿಯನ್ನು 2012ರ ಆರ್‌ಎಫ್‌ಸಿ 6648 ಕೈಬಿಡಲು ಹೇಳಿದೆ. ‘ತಾತ್ಕಾಲಿಕ’ ಹೆಸರುಗಳೇ ಶಾಶ್ವತವಾಗಿ ಉಳಿದುಬಿಡುತ್ತವೆ.

ಹಂತ 6: ಗಡಿಯಾರ, ಗಾತ್ರ, ಅಡ್ಡಹಾಯುವ ಸಂದೇಶಗಳು

ಯುಡಿಪಿಯಲ್ಲಿ ಉತ್ತರ ಬಾರದ ಇನ್ವೈಟ್ 0, 0.5, 1.5, 3.5, 7.5, 15.5, 31.5ನೇ ಸೆಕೆಂಡುಗಳಲ್ಲಿ, ಒಟ್ಟು ಏಳು ಸಲ ಹೊರಡುತ್ತದೆ. ನಿಮ್ಮ ವಿಸ್ತರಣೆ ಸರ್ವರ್‌ನಲ್ಲಿ ಭಾರಿ ಕೆಲಸ ಹಚ್ಚಿದರೆ, ಆ ಕೆಲಸ ಮುಗಿಯುವ ಮೊದಲೇ ಎರಡನೆಯ ಪ್ರತಿ ಬಾಗಿಲಿಗೆ ಬಂದಿರುತ್ತದೆ. ದಾರಿಯ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಗೊತ್ತಿಲ್ಲದಿದ್ದಾಗ ವಿನಂತಿ 1300 ಬೈಟ್ ಮೀರಿದರೆ ಟಿಸಿಪಿಯಂಥ ದಟ್ಟಣೆ ನಿಯಂತ್ರಣವಿರುವ ಸಾಗಣೆಗೆ ಬದಲಾಗಬೇಕು ಎಂಬುದು 3261ರ ನಿಯಮ. ನಿಮ್ಮ ಹೆಡರ್ 200 ಬೈಟ್ ತಿನ್ನುವುದಾದರೆ ಸಾಮಾನ್ಯ ಇನ್ವೈಟ್ ಈ ಗೆರೆ ದಾಟುತ್ತದೆಯೇ ಎಂದು ಲೆಕ್ಕ ಹಾಕಿ. ದಾಟಿಯೂ ಯುಡಿಪಿಯಲ್ಲೇ ಹೋದ ತುಣುಕುಗಳನ್ನು ಫೈರ್‌ವಾಲ್‌ಗಳು ನುಂಗುತ್ತವೆ. ಆಗ ಕೆಲವು ಕರೆ ಮಾತ್ರ, ಕೆಲವು ಜಾಲದಿಂದ ಮಾತ್ರ, ಹೊಂದದೇ ಹೋಗುತ್ತವೆ. ಇಂಥ ದೋಷ ಹಿಡಿಯುವುದಕ್ಕಿಂತ ಬೇಸರದ ಕೆಲಸ ಇನ್ನೊಂದಿಲ್ಲ.

ಎರಡೂ ಕಡೆಯಿಂದ ಏಕಕಾಲಕ್ಕೆ ಸಂದೇಶ ಹೊರಟರೆ ಏನು? ಮರು-ಇನ್ವೈಟ್‌ಗಳು ಅಡ್ಡಹಾಯ್ದಾಗ 491 ಉತ್ತರ. ಆಮೇಲೆ ಕಾಲ್-ಐಡಿ ಹುಟ್ಟಿಸಿದವರು 2.1ರಿಂದ 4 ಸೆಕೆಂಡ್, ಇನ್ನೊಬ್ಬರು 0ರಿಂದ 2 ಸೆಕೆಂಡ್ ನಡುವಿನ ಯಾದೃಚ್ಛಿಕ ಹೊತ್ತು ಕಾಯುತ್ತಾರೆ. ಎರಡು ಅವಧಿಗಳು ಒಂದರ ಮೇಲೊಂದು ಬೀಳದಂತೆ ಆರಿಸಿದ್ದನ್ನು ಗಮನಿಸಿ, ನಿಮ್ಮ ಡ್ರಾಫ್ಟ್‌ನಲ್ಲೂ ಇಂಥ ಸಂಖ್ಯೆಗಳು ಬೇಕು. ನಮ್ಮ ಉದಾಹರಣೆಯಲ್ಲಿ ಬ್ಯಾಟರಿ ಸುದ್ದಿ ದಾರಿಯಲ್ಲಿರುವಾಗಲೇ ಎದುರಿನಿಂದ ಬೈ ಬಂದರೆ 481 ಬರಬಹುದು. ಅದನ್ನು ದೋಷವೆಂದು ಬಳಕೆದಾರರಿಗೆ ತೋರಿಸಬಾರದು ಎಂದು ಬರೆಯಬೇಕು. ಆರ್‌ಎಫ್‌ಸಿ 5407ರಲ್ಲಿ ಇಂಥ ಡಿಕ್ಕಿಗಳ ಚಿತ್ರಗಳೇ ತುಂಬಿವೆ. ಒಂದೊಂದರಲ್ಲೂ ನಿಮ್ಮ ಸಂದೇಶವನ್ನು ಇಟ್ಟು ನೋಡಿ.

ಎಸ್‌ಡಿಪಿ ಮುಟ್ಟುವುದಾದರೆ

ಅರ್ಥವಾಗದ ಎಸ್‌ಡಿಪಿ ಅಟ್ರಿಬ್ಯೂಟ್ ಅನ್ನು ಕಡೆಗಣಿಸಬೇಕು ಎಂಬುದು 2021ರ ಆರ್‌ಎಫ್‌ಸಿ 8866ರ ನಿಯಮ. ಆದ್ದರಿಂದ ಆಫರ್‌ನಲ್ಲಿ ಕಳಿಸಿದ್ದು ಆನ್ಸರ್‌ನಲ್ಲಿ ಕಾಣದಿದ್ದರೆ ‘ಎದುರಿನವರಿಗೆ ಗೊತ್ತಿಲ್ಲ’ ಎಂದೇ ಓದುವಂತೆ ನಿಯಮ ಇರಲಿ. ಮೊದಲ ಆಫರ್, ಆನ್ಸರ್, ಆನ್ಸರ್ ಬಂದ ಮೇಲೆ ಆಫರ್ ಮಾಡಿದವರ ನಡೆ, ನಡುವೆ ಸೆಶನ್ ಬದಲಾವಣೆ: ಈ ನಾಲ್ಕಕ್ಕೂ ಬೇರೆ ಬೇರೆ ಉಪವಿಭಾಗ ಬರೆಯಿರಿ. ಆರ್‌ಎಫ್‌ಸಿ 3264ರ ಪ್ರಕಾರ ಎಂ ಸಾಲುಗಳ ಸಂಖ್ಯೆ ಎಂದೂ ಕಡಿಮೆಯಾಗುವುದಿಲ್ಲ. ಬೇಡವಾದ ಮಾಧ್ಯಮಕ್ಕೆ ಪೋರ್ಟ್ 0 ಹಾಕುತ್ತಾರೆ, ಸಾಲು ಉಳಿಯುತ್ತದೆ. ಆ ಸತ್ತ ಸಾಲಿನ ಮೇಲೆ ನಿಮ್ಮ ಅಟ್ರಿಬ್ಯೂಟ್ ಇದ್ದರೆ ಅದಕ್ಕೆ ಅರ್ಥವಿದೆಯೇ? ಹಲವು ಮಾಧ್ಯಮಗಳು ಒಂದೇ ಪೋರ್ಟ್ ಹಂಚಿಕೊಂಡಾಗ ಏನಾಗುತ್ತದೆ ಎಂಬುದಕ್ಕೆ ಆರ್‌ಎಫ್‌ಸಿ 8859ರ ಮಕ್ಸ್ ವರ್ಗಗಳಲ್ಲಿ ಒಂದನ್ನು ಆರಿಸಲೇಬೇಕು, ನೋಂದಣಿ ನಮೂನೆಯಲ್ಲೇ ಅದರ ಅಂಕಣವಿದೆ.

ಹಂತ 7: ನಡುವಿನ ಪೆಟ್ಟಿಗೆ ಮತ್ತು ಸುರಕ್ಷತೆ

ಕಾಗದದ ಮೇಲೆ ಸಿಪ್ ಪ್ರಾಕ್ಸಿ ಒಡಲನ್ನು ಮುಟ್ಟುವುದಿಲ್ಲ. ನಿಜ ಜಾಲದಲ್ಲಿ ಎರಡು ಸಂಸ್ಥೆಗಳ ಗಡಿಯಲ್ಲಿ ಎಸ್‌ಬಿಸಿ ಎಂಬ ಗಡಿ ಕಾಯುವ ಪೆಟ್ಟಿಗೆ ಕೂತಿರುತ್ತದೆ. ಒಂದು ಕರೆಯನ್ನು ಎರಡಾಗಿ ಕತ್ತರಿಸಿ, ಕಾಂಟ್ಯಾಕ್ಟ್ ಬದಲಿಸಿ, ಎಸ್‌ಡಿಪಿಯ ಐಪಿ ವಿಳಾಸ ಬದಲಿಸಿ, ಗುರುತಿಲ್ಲದ ಹೆಡರ್‌ಗಳನ್ನು ಉದುರಿಸಿ ಮುಂದೆ ಕಳಿಸುತ್ತದೆ. ಇದನ್ನು ಬೈದು ಪ್ರಯೋಜನವಿಲ್ಲ, ವಿನ್ಯಾಸದಲ್ಲೇ ಒಪ್ಪಿಕೊಳ್ಳಬೇಕು. 2006ರ ಆರ್‌ಎಫ್‌ಸಿ 4474 ಕರೆ ಮಾಡುವವರ ಗುರುತಿನ ಜೊತೆ ಸಂದೇಶದ ಒಡಲು, ಕಾಂಟ್ಯಾಕ್ಟ್ ಎಲ್ಲವನ್ನೂ ಸೇರಿಸಿ ಸಹಿ ಹಾಕಿಸಿತು. ಭದ್ರತೆಯ ದೃಷ್ಟಿಯಿಂದ ಸರಿಯೇ. ಆದರೆ ಮೊದಲ ಎಸ್‌ಬಿಸಿ ದಾಟುವಷ್ಟರಲ್ಲಿ ಸಹಿ ಮುರಿಯುತ್ತಿತ್ತು, ಹಾಗಾಗಿ ಬಳಕೆಗೆ ಬರಲೇ ಇಲ್ಲ. ಅದರ ಜಾಗಕ್ಕೆ ಬಂದ 8224 ಕರೆ ಮಾಡಿದ ಸಂಖ್ಯೆ, ಕರೆ ಹೋದ ಸಂಖ್ಯೆ, ಸಮಯ ಇಂಥ ಕೆಲವಕ್ಕೆ ಮಾತ್ರ ಸಹಿ ಹಾಕುತ್ತದೆ. ದಾರಿಯಲ್ಲಿ ಉಳಿಯುವುದಕ್ಕಷ್ಟೇ ಆತುಕೊಂಡದ್ದೇ ಅದರ ಜಾಣ್ಮೆ.

ಸುರಕ್ಷತಾ ವಿಭಾಗದಲ್ಲಿ ‘3261ರಲ್ಲಿರುವುದೇ ಅನ್ವಯ’ ಎಂಬ ಒಂದು ಸಾಲು ಸಾಲದು. ಯಾರು ಕದ್ದು ಓದಬಹುದು, ಯಾರು ಸುಳ್ಳು ಸೇರಿಸಬಹುದು, ಒಂದು ಸಂದೇಶದಿಂದ ಎಷ್ಟು ಸಂದೇಶ ಹುಟ್ಟಬಹುದು ಎಂದು ಪಟ್ಟಿ ಮಾಡಿ. ಕೊನೆಯದರ ಭೀಕರತೆಗೆ ಆರ್‌ಎಫ್‌ಸಿ 5393 ಸಾಕ್ಷಿ. ಪರಸ್ಪರ ಬೊಟ್ಟು ಮಾಡುವಂತೆ ಎರಡೆರಡು ಕಾಂಟ್ಯಾಕ್ಟ್ ನೋಂದಾಯಿಸಿದ ವಿಳಾಸಗಳಿಗೆ ಒಂದು ವಿನಂತಿ ಹೋದರೆ ಪ್ರತಿ ಹೆಜ್ಜೆಗೂ ಅದು ಇಮ್ಮಡಿಯಾಗುತ್ತದೆ. ಮ್ಯಾಕ್ಸ್-ಫಾರ್ವರ್ಡ್ಸ್ 70ರಿಂದ ಶುರುವಾಗುವುದರಿಂದ 2ರ 70ನೇ ಘಾತದ ಆಸುಪಾಸಿನ ಸಂದೇಶಗಳು ಹುಟ್ಟಬಹುದಿತ್ತು. ಆರು ವರ್ಷ ಹಳೆಯ ಮಾನದಂಡದಲ್ಲಿ ಈ ಬಿರುಕು ಇತ್ತು. 2008ರಲ್ಲಿ ಕವಲೊಡೆಯುವ ಪ್ರಾಕ್ಸಿಗಳಿಗೆ ಸುತ್ತು ಪತ್ತೆ ಕಡ್ಡಾಯ ಮಾಡಿ, ಮ್ಯಾಕ್ಸ್-ಬ್ರೆಡ್ತ್ ಹೆಡರ್ ತಂದು ಮುಚ್ಚಿದರು.

ಬ್ಯಾಟರಿ ಸುದ್ದಿ ಅಮಾಯಕವಾಗಿ ಕಾಣುತ್ತದೆ. ಆದರೆ ನಿಖರ ಶೇಕಡಾವಾರು ಕಳಿಸಿದರೆ, ಹೆಸರು ಮರೆಮಾಚಿದ ಎರಡು ಕರೆಗಳು ಒಂದೇ ಸಾಧನದ್ದು ಎಂದು ಹೊಂದಿಸಿ ಹೇಳಬಹುದು. ‘ಬೇಗ ನಿಲ್ಲಲಿದೆ’ ಎಂಬ ಒಂದೇ ಬಿಟ್ ಸಾಕಾದರೆ ಅಷ್ಟೇ ಕಳಿಸಿ.

ಹಂತ 8: ಐಯಾನಾ ವಿಭಾಗ

ಯಾವ ಪಟ್ಟಿ, ಯಾವ ಉಪಪಟ್ಟಿ, ಯಾವ ಅಂಕಣದಲ್ಲಿ ಏನು ಎಂದು ನಕಲು ಮಾಡಿ ಅಂಟಿಸುವಷ್ಟು ಸ್ಪಷ್ಟವಾಗಿರಬೇಕು. ಪ್ರತಿ ಪಟ್ಟಿಗೂ ಸೇರ್ಪಡೆಯ ನೀತಿ ಬೇರೆ, ಆರ್‌ಎಫ್‌ಸಿ 8126ರಲ್ಲಿ ಅವುಗಳ ವಿವರಣೆ ಇದೆ. ಇನ್ಫೊ ಪ್ಯಾಕೇಜ್‌ಗೆ ಸ್ಪೆಸಿಫಿಕೇಶನ್ ರಿಕ್ವೈರ್ಡ್ ನೀತಿ: ಸಾರ್ವಜನಿಕವಾಗಿ ಸಿಗುವ ಸ್ಥಿರ ದಾಖಲೆ, ಪರಿಣತರ ಪರಿಶೀಲನೆ ಸಾಕು. ಆಪ್ಶನ್ ಟ್ಯಾಗ್ ಬೇಡವೆಂದು ಮೂರನೇ ಹಂತದಲ್ಲಿ ತೀರ್ಮಾನಿಸಿದ್ದರ ಲಾಭ ಇಲ್ಲಿ ಕೈಗೆ ಬರುತ್ತದೆ. ಸಂಖ್ಯೆ ಸಿಗುವ ಮೊದಲೇ ಉತ್ಪನ್ನದಲ್ಲಿ ಹಾಕಿ ಬಿಡುಗಡೆ ಮಾಡಬೇಡಿ. ಬೇರೆಯವರಿಗೆ ಅದೇ ಸಂಖ್ಯೆ ಹೋದರೆ ಎರಡು ಅರ್ಥದ ಸಾಧನಗಳು ಒಂದೇ ಜಾಲದಲ್ಲಿ ಓಡಾಡುತ್ತವೆ.

ಹಂತ 9: ಓಡುವ ಕೋಡ್

ಡ್ರಾಫ್ಟ್ ಬರೆದವರಲ್ಲದೆ ಇನ್ನೊಬ್ಬರು, ಬರೆದವರನ್ನು ಏನೂ ಕೇಳದೆ, ಡ್ರಾಫ್ಟ್ ಓದಿಯಷ್ಟೇ ಕೋಡ್ ಮಾಡಲಿ. ಅವರು ಎಲ್ಲಿ ನಿಂತು ಪ್ರಶ್ನೆ ಕೇಳುತ್ತಾರೋ ಅಲ್ಲಿ ಡ್ರಾಫ್ಟ್‌ನಲ್ಲಿ ತೂತಿದೆ. ಸಿಪ್‌ಪಿ ಉಪಕರಣದಲ್ಲಿ ಎಕ್ಸ್‌ಎಂಎಲ್ ಸನ್ನಿವೇಶಗಳನ್ನು ಬರೆದು ಸರಿಯಾದ ನಡೆ, ತಪ್ಪು ನಡೆ, ಉತ್ತರ ಬಾರದ ನಡೆ ಮೂರನ್ನೂ ಓಡಿಸಿ, ವೈರ್‌ಶಾರ್ಕ್‌ನಲ್ಲಿ ಹಿಡಿದು ನೋಡಿ. ವಿಸ್ತರಣೆ ಗೊತ್ತಿಲ್ಲದ ಕಮೈಲಿಯೊ, ಆಸ್ಟೆರಿಸ್ಕ್‌ಗಳ ಮೂಲಕ ದಾಟಿಸಿ. ಮೊದಲಿನದು ಪ್ರಾಕ್ಸಿಯಂತೆ ಸಂದೇಶವನ್ನು ಹಾಗೇ ದಾಟಿಸುತ್ತದೆ, ಎರಡನೆಯದು ಕರೆಯನ್ನು ಎರಡು ತುಂಡು ಮಾಡಿ ನಡುವೆ ಕೂರುತ್ತದೆ. ಎರಡರ ವ್ಯತ್ಯಾಸವೇ ನಿಮಗೆ ಬೇಕಾದ ಪರೀಕ್ಷೆ. ಆರ್‌ಎಫ್‌ಸಿ 4475ರ ಕಿರುಕುಳದ ಸಂದೇಶಗಳನ್ನು ಮಾದರಿಯಾಗಿಟ್ಟು ನಿಮ್ಮ ಹೆಡರ್‌ಗೂ ಅಂಥವನ್ನು ತಯಾರಿಸಿ: ಎರಡು ಸಲ ಬಂದ ಹೆಡರ್, ಖಾಲಿ ಮೌಲ್ಯ, ಸಾಲು ಮಡಿಸಿದ ಮೌಲ್ಯ, ವಿಪರೀತ ದೊಡ್ಡ ಸಂಖ್ಯೆ. ಎಲ್ಲ ತಯಾರಕರೂ ಸೇರುವ ಸಿಪಿಟ್‌ನಂಥ ಪರೀಕ್ಷಾ ಕೂಟ ಸಿಕ್ಕರೆ ಬಿಡಬೇಡಿ.

ಡ್ರಾಫ್ಟ್‌ನೊಳಗಿನ ಉದಾಹರಣೆ ಸಂದೇಶಗಳನ್ನೂ ಪಾರ್ಸರ್‌ಗೆ ತಿನ್ನಿಸಿ. ಕಂಟೆಂಟ್-ಲೆಂತ್ ತಪ್ಪಿರುವುದು, ಪುಟದ ಅಗಲಕ್ಕೆ ಸಾಲು ಮುರಿದಿರುವುದು ಪದೇ ಪದೇ ಕಾಣುವ ತಪ್ಪು. ಓದುವವರು ನಿಯಮ ಬಿಟ್ಟು ಉದಾಹರಣೆಯನ್ನೇ ನಕಲು ಮಾಡುತ್ತಾರೆ. ಐಪಿ ವಿಳಾಸಗಳು 192.0.2.0/24ರಂಥ ದಾಖಲೆಗೆ ಮೀಸಲಾದ ವ್ಯಾಪ್ತಿಯವೇ ಆಗಿರಲಿ. ಪರೀಕ್ಷೆಯ ಫಲಿತಾಂಶವನ್ನು ಆರ್‌ಎಫ್‌ಸಿ 7942 ಹೇಳುವ ಅನುಷ್ಠಾನ ಸ್ಥಿತಿ ವಿಭಾಗದಲ್ಲಿ ಬರೆಯಿರಿ, ಪ್ರಕಟಣೆಗೆ ಮುಂಚೆ ಅದು ತೆಗೆಯಲ್ಪಡುತ್ತದೆ.

ಹಂತ 10: ಗುಂಪು, ಐಇಎಸ್‌ಜಿ, ಸಂಪಾದಕರು

ಗುಂಪು ಕೆಲಸ ಸ್ವೀಕರಿಸಿದ ಮೇಲೆ ಡ್ರಾಫ್ಟ್‌ನ ಹೆಸರಿನಲ್ಲಿ ನಿಮ್ಮ ಉಪನಾಮದ ಜಾಗಕ್ಕೆ ಐಇಟಿಎಫ್ ಬರುತ್ತದೆ, ಎಣಿಕೆ ಮತ್ತೆ 00ದಿಂದ. ಹೆಸರು ಬದಲಾದಂತೆ ಒಡೆತನವೂ ಬದಲಾಯಿತು: ಇನ್ನು ನೀವು ಗುಂಪಿನ ಮಾತನ್ನು ಬರೆಯುವವರು. ಇಲ್ಲಿ ಮತ ಎಣಿಸುವುದಿಲ್ಲ. ಆರ್‌ಎಫ್‌ಸಿ 7282 ಹೇಳುವಂತೆ, ಎತ್ತಿದ ಆಕ್ಷೇಪಕ್ಕೆ ತಾಂತ್ರಿಕ ಉತ್ತರ ಸಿಕ್ಕಿದೆಯೇ ಎಂಬುದೇ ಒರಟು ಒಮ್ಮತದ ಅಳತೆ. ಐದು ಜನ ಪರ, ನೂರು ಜನ ವಿರೋಧ ಇದ್ದರೂ ಒಮ್ಮತ ಇರಬಹುದು ಎನ್ನುವಷ್ಟು ದೂರ ಆ ದಾಖಲೆ ಹೋಗುತ್ತದೆ. ಆದ್ದರಿಂದ ಪ್ರತಿ ಆಕ್ಷೇಪಕ್ಕೂ ಸಂಖ್ಯೆ ಕೊಟ್ಟು, ಯಾವ ಆವೃತ್ತಿಯ ಯಾವ ವಿಭಾಗದಲ್ಲಿ ಉತ್ತರಿಸಿದಿರಿ ಎಂದು ಪಟ್ಟಿ ಇಡಿ.

ಗುಂಪಿನ ಕೊನೆಯ ಕರೆಗೆ ಸಾಮಾನ್ಯವಾಗಿ ಎರಡು ವಾರ. ಆಮೇಲೆ ಏರಿಯಾ ಡೈರೆಕ್ಟರ್ ಪರಿಶೀಲನೆ, ಇಡೀ ಐಇಟಿಎಫ್‌ಗೆ ಕೊನೆಯ ಕರೆ: ಗುಂಪಿನ ದಾಖಲೆಗೆ ಕನಿಷ್ಠ ಎರಡು ವಾರ, ಗುಂಪಿಲ್ಲದ ದಾಖಲೆಗೆ ನಾಲ್ಕು. ಸಭೆಯಲ್ಲಿ ಚರ್ಚೆ ಬೇಕಿದ್ದರೆ ಸಲ್ಲಿಕೆಯ ಬಾಗಿಲು ಮುಚ್ಚುವ ದಿನ ನೋಡಿಕೊಳ್ಳಿ. ಏರಿಯಾ ಡೈರೆಕ್ಟರ್‌ಗಳ ಮಂಡಳಿಯಾದ ಐಇಎಸ್‌ಜಿಯಲ್ಲಿ ಒಬ್ಬರು ಡಿಸ್ಕಸ್ (ಚರ್ಚೆ ಬೇಕು) ಎಂದು ನಿಂತರೂ ದಾಖಲೆ ಅಲ್ಲೇ ನಿಲ್ಲುತ್ತದೆ. ಗಾಬರಿ ಬೇಡ, ಅದು ತಿರಸ್ಕಾರವಲ್ಲ. ಅವರು ಎತ್ತಿದ ಅಂಶಕ್ಕೆ ಬದಲಿ ಸಾಲುಗಳನ್ನು ಬರೆದೇ ಕಳಿಸಿದರೆ, ಬರೀ ವಾದಕ್ಕಿಂತ ಬೇಗ ತೆರವಾಗುತ್ತದೆ.

ಒಪ್ಪಿಗೆ ಸಿಕ್ಕ ಮೇಲೂ ಒಂದು ಅಡ್ಡಿ ಇದೆ: ನಾರ್ಮೆಟಿವ್ ಉಲ್ಲೇಖ. ನಿಮ್ಮ ದಾಖಲೆ ಪಾಲಿಸಲು ಓದಲೇಬೇಕಾದ ಇನ್ನೊಂದು ದಾಖಲೆ ಇನ್ನೂ ಡ್ರಾಫ್ಟ್ ಆಗಿದ್ದರೆ, ಅದು ಬರುವವರೆಗೆ ನಿಮ್ಮದೂ ಸರದಿಯಲ್ಲಿ ನಿಲ್ಲುತ್ತದೆ. ಬ್ರೌಸರ್‌ನಲ್ಲೇ ಕರೆ ಮಾಡಿಸುವ ವೆಬ್‌ಆರ್‌ಟಿಸಿಯ ದಾಖಲೆಗಳು ಹೀಗೆ ಒಂದಕ್ಕೊಂದು ಹೆಣೆದುಕೊಂಡು ವರ್ಷಗಟ್ಟಲೆ ಕಾದು, 2021ರ ಜನವರಿಯಲ್ಲಿ ಒಟ್ಟಿಗೇ ಹೊರಬಿದ್ದವು. ಉಲ್ಲೇಖ ಪಟ್ಟಿಯನ್ನು ಎರಡಾಗಿ ಸೀಳುವಾಗ ಇದನ್ನು ನೆನಪಿಟ್ಟು, ಓದಲೇಬೇಕಾಗಿಲ್ಲದ್ದನ್ನು ಮಾಹಿತಿಯ ಪಟ್ಟಿಗೆ ತಳ್ಳಿ.

ಕೊನೆಯದು ಆತ್48, ಅಂದರೆ ಪ್ರಕಟಣೆಗೆ ಮುಂಚೆ ಲೇಖಕರ ಅಂತಿಮ ಪರಿಶೀಲನೆ. ಹೆಸರು 48 ಗಂಟೆ ಎನ್ನುತ್ತದೆ, ನಿಜದಲ್ಲಿ ಹೆಚ್ಚೇ ಹಿಡಿಯುತ್ತದೆ, ಏಕೆಂದರೆ ಮುಖಪುಟದ ಪ್ರತಿ ಲೇಖಕರೂ ಒಪ್ಪಿಗೆ ಕೊಡಬೇಕು. ಸಂಪಾದಕರು ಭಾಷೆ ತಿದ್ದುವಾಗ ಶುಡ್ ಒಂದು ಜಾಗ ಬದಲಿಸಿದರೆ ನಿಯಮವೇ ಬದಲಾದೀತು. ಡಿಫ್ ತೆರೆದು ಸಾಲು ಸಾಲು ಓದಿ, ಎಬಿಎನ್‌ಎಫ್ ಅನ್ನು ಮತ್ತೊಮ್ಮೆ ಉಪಕರಣದಲ್ಲಿ ಪರಿಶೀಲಿಸಿ.

ಸಂಖ್ಯೆ ಬಂದ ಮೇಲೆ

ಪ್ರಕಟವಾದ ಆರ್‌ಎಫ್‌ಸಿಯ ಪಠ್ಯವನ್ನು ತಿದ್ದುವುದಿಲ್ಲ. ತಪ್ಪು ಕಂಡರೆ ಎರಾಟಾ, ಅಂದರೆ ತಪ್ಪೋಲೆ, ಸಲ್ಲಿಸಬೇಕು. ಬರೆವಣಿಗೆಯ ತಪ್ಪಾದರೆ ದೃಢೀಕರಿಸುತ್ತಾರೆ. ವಿನ್ಯಾಸವೇ ಬದಲಾಗಬೇಕೆಂದರೆ ಎರಾಟಾ ಅದಕ್ಕೆ ದಾರಿಯಲ್ಲ, ಹೊಸ ಆರ್‌ಎಫ್‌ಸಿ ಬೇಕು. 2ರ ಸಾಲಿನ ಉತ್ತರ ಬಂದ ಮೇಲೆ ಇನ್ವೈಟ್ ವ್ಯವಹಾರವನ್ನು ಯಾವಾಗ ಮುಚ್ಚಬೇಕು ಎಂಬ 3261ರ ದೋಷಕ್ಕೆ 2010ರಲ್ಲಿ ಆರ್‌ಎಫ್‌ಸಿ 6026 ಬಂದದ್ದು ಹಾಗೆ.

ಪ್ರೊಪೋಸ್ಡ್ ಸ್ಟ್ಯಾಂಡರ್ಡ್‌ನಿಂದ ಇಂಟರ್ನೆಟ್ ಸ್ಟ್ಯಾಂಡರ್ಡ್‌ಗೆ ಏರಲು ಆರ್‌ಎಫ್‌ಸಿ 6410ರ ಷರತ್ತುಗಳಿವೆ: ಪರಸ್ಪರ ಹೊಂದಿ ಓಡುವ ಕನಿಷ್ಠ ಎರಡು ಸ್ವತಂತ್ರ ಅನುಷ್ಠಾನ, ವ್ಯಾಪಕ ಬಳಕೆ, ಹೊಸ ಅನುಷ್ಠಾನವನ್ನು ಕೆಡಿಸುವಂಥ ಎರಾಟಾ ಇಲ್ಲದಿರುವುದು, ಯಾರೂ ಬಳಸದೆ ಬರೀ ಜಟಿಲತೆ ಹೆಚ್ಚಿಸುವ ಅಂಗಗಳು ಇಲ್ಲದಿರುವುದು. 3261 ಸ್ವತಃ ಇನ್ನೂ ಮೊದಲ ಮೆಟ್ಟಿಲಲ್ಲೇ ಇದೆ, ಹಾಗೆಂದು ಅದನ್ನು ಬಳಸಲು ಯಾರೂ ಹಿಂಜರಿದಿಲ್ಲ. ಮೇಲೇರಿಸುವ ಶ್ರಮವನ್ನು ಎರಾಟಾ ತೆರವಿಗೆ, ಪರೀಕ್ಷಾ ಸಂದೇಶಗಳ ಸಂಗ್ರಹಕ್ಕೆ ಹಾಕಿ. ಮುಂದಿನ ವಿಸ್ತರಣೆ ಬರೆಯುವವರು ನಿಮ್ಮ ಹೆಡರ್ ಗೊತ್ತಿರುವ ಸಾಧನ ಮತ್ತು ಗೊತ್ತಿಲ್ಲದ ಸಾಧನ ಎರಡರ ಮೇಲೂ ತಮ್ಮದನ್ನು ಓಡಿಸಿ ನೋಡಬೇಕಾಗುತ್ತದೆ. ಆಗ ಅವರಿಗೆ ಬೇಕಾಗುವುದು ಆ ಸಂಗ್ರಹವೇ.